ಮಾತ್ರೆ ಶುರುವಾದ ಮೇಲೆ ಗಂಟು ದೊಡ್ಡದಾಯಿತು

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನ್ನ ಮಗಳಿಗೆ 22 ವರ್ಷ. ದೀಪಾವಳಿಯ ಹೊತ್ತಿಗೆ ಅವಳ ಕುತ್ತಿಗೆಯ ಎಡಭಾಗದಲ್ಲಿ ಸುಲಿದ ಅಡಿಕೆಯಷ್ಟು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿ, ಗಂಟಿನ ಟಿ.ಬಿ. ಎಂದು ದಿನಕ್ಕೆ 3 ಮಾತ್ರೆ ಕೊಟ್ಟರು. ತಿಂಗಳೊಪ್ಪತ್ತು ಗಂಟು ಕರಗುತ್ತಾ ಬಂತು. ಆರನೆಯ ವಾರದಲ್ಲಿ ಇದ್ದಕ್ಕಿದ್ದಂತೆ ನಿಂಬೆಹಣ್ಣಿನಷ್ಟಾಗಿ ಕೆಂಪಾಗಿದೆ, ಪಕ್ಕದಲ್ಲಿ ಇನ್ನೆರಡು ಎದ್ದಿವೆ. ಸಂಜೆ ಮೈ ಬೆಚ್ಚಗಾಗುತ್ತದೆ. ಮಾತ್ರೆ ನುಂಗಿ ಅರ್ಧ ಗಂಟೆಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಮೊಣಕಾಲು, ಹಿಮ್ಮಡಿಯ ಕೀಲು ನೋಯುತ್ತವೆ. ಮೂತ್ರ ಮೊದಲ ದಿನದಿಂದ ಕಿತ್ತಳೆ ಬಣ್ಣ. ನನ್ನ ನಾದಿನಿ, ಮಾತ್ರೆ ಉಷ್ಣ, ಮಗುವಿನ ಮೈಗೆ ಒಗ್ಗುತ್ತಿಲ್ಲ ಎನ್ನುತ್ತಾಳೆ. ನನ್ನ ತಮ್ಮ, ಒಳಗಿನ ನಂಜು ಹೊರಗೆ ಬರುತ್ತಿದೆ, ಒಳ್ಳೆಯದೇ ಆಯಿತು ಎನ್ನುತ್ತಾನೆ. ದಿಕ್ಕು ತೋಚದೆ ನಾಲ್ಕು ದಿನದಿಂದ ಮಾತ್ರೆ ನಿಲ್ಲಿಸಿದ್ದೇವೆ. ಆಶಾ ಕಾರ್ಯಕರ್ತೆಗೆ ಹೇಳಲು ಧೈರ್ಯವಾಗಿಲ್ಲ. ಮೈ ಮಾತ್ರ ತುಂಬಿಕೊಂಡಿದೆ, ಮೊನ್ನೆ ಅವಳ ಚೂಡಿದಾರದ ಹೊಲಿಗೆ ಬಿಚ್ಚಿ ಕೊಟ್ಟೆ. ಇದು ಔಷಧದ ಅಡ್ಡಪರಿಣಾಮವೋ, ಕಾಯಿಲೆಯೇ ಹೆಚ್ಚಾಗಿದೆಯೋ?
ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ಪತ್ರಿಕೆ ನಿಮ್ಮ ಕೈಸೇರುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿ ಮಾತನಾಡಿದ್ದೆ. ನಿಮ್ಮಂತೆಯೇ ಗಾಬರಿಯಾಗಿ ಮಾತ್ರೆ ನಿಲ್ಲಿಸುವವರು ಬಹಳ ಮಂದಿ ಇರುವುದರಿಂದ, ನಿಮ್ಮ ಒಪ್ಪಿಗೆ ಪಡೆದು ಇಲ್ಲಿಯೂ ಬರೆಯುತ್ತಿದ್ದೇನೆ.

ಫೋನಿನಲ್ಲಿ ಮೊದಲು ನಾನು ಗಂಟಿನ ಮಾತನ್ನೇ ಎತ್ತಲಿಲ್ಲ, ನಿಮಗೆ ನೆನಪಿರಬಹುದು. ಹುಡುಗಿಯನ್ನು ಜಗಲಿಗೆ ಕರೆತಂದು ಹಗಲಿನ ಬೆಳಕಿನಲ್ಲಿ ನಿಲ್ಲಿಸಿ, ಕೆಳಗಿನ ರೆಪ್ಪೆ ಎಳೆದು, ಕಣ್ಣಿನ ಬಿಳಿಭಾಗ ನೋಡಿ ಎಂದೆ. ಮನೆಯೊಳಗಿನ ದೀಪದಲ್ಲಿ ಸಣ್ಣ ಹಳದಿ ತಿಳಿಯುವುದಿಲ್ಲ. ‘ಬೆಳ್ಳಗೇ ಇದೆ’ ಎಂದಿರಿ. ಮಧ್ಯಾಹ್ನದ ಊಟ ಹೇಗೆ ಎಂದು ಕೇಳಿದೆ. ‘ತಂಬುಳಿ ಇದ್ದರೆ ಎರಡು ಸಲ ಬಡಿಸಿಕೊಳ್ಳುತ್ತಾಳೆ’ ಎಂದಿರಿ. ಆ ಎರಡು ಉತ್ತರ ಕೇಳಿದ ಮೇಲೆಯೇ ನನಗೆ ಉಸಿರು ಸರಾಗವಾಯಿತು. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಬೇರೆ ಬೇರೆ ಸಂಗತಿಗಳು ಒಂದೇ ಹಗ್ಗವಾಗಿ ಹೊಸೆದುಕೊಂಡಿವೆ. ಎಳೆ ಬಿಡಿಸಿದರೆ ಭಯ ಅರ್ಧ ಇಳಿಯುತ್ತದೆ. ಗಂಟು ಊದಿದ್ದು ಒಂದು ಎಳೆ. ವಾಂತಿ, ಕೀಲುನೋವು ಇನ್ನೊಂದು. ಕಿತ್ತಳೆ ಮೂತ್ರವಂತೂ ತೊಂದರೆಯೇ ಅಲ್ಲ. ರಿಫಾಂಪಿಸಿನ್ ಎಂಬ ಔಷಧದ ಬಣ್ಣವೇ ಅದು, ಬೆವರಿಗೂ ಕಣ್ಣೀರಿಗೂ ಇಳಿಯುತ್ತದೆ. ಮೊದಲ ಮಾತ್ರೆ ನುಂಗಿದ ದಿನದಿಂದಲೇ ಇತ್ತು ಎಂದು ನೀವೇ ಬರೆದಿದ್ದೀರಿ. ಕಾಮಾಲೆಯ ಮೂತ್ರ ಹಾಗಲ್ಲ. ಅದು ವಾರಗಳ ನಂತರ ಬರುತ್ತದೆ, ಕಾಫಿ ಡಿಕಾಕ್ಷನ್ನಿನಂತೆ ಕಪ್ಪಿಗೆ ತಿರುಗುತ್ತದೆ, ಜೊತೆಗೆ ಕಣ್ಣು ಹಳದಿಯಾಗುತ್ತದೆ.

ಗಂಟಿನ ವಿಷಯಕ್ಕೆ ಬರೋಣ. ಗಂಟಿನ ಟಿ.ಬಿ.ಗೆ (ನಮ್ಮ ಹಿರಿಯರು ಗಂಡಮಾಲೆ ಎನ್ನುತ್ತಿದ್ದುದು ಬಹುಪಾಲು ಇದನ್ನೇ) ಸರಿಯಾದ ಮಾತ್ರೆಯನ್ನು ಸರಿಯಾಗಿ ನುಂಗುತ್ತಿರುವವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ನಡುವೆ ಗಂಟು ಹಿಗ್ಗುತ್ತದೆ, ಹೊಸ ಗಂಟು ಏಳುತ್ತದೆ, ಕೆಲವೊಮ್ಮೆ ಒಡೆದು ಕೀವು ಸೋರುತ್ತದೆ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲಿ ಹೀಗಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಆದದ್ದನ್ನೂ ನಾನು ಕಂಡಿದ್ದೇನೆ. ವೈದ್ಯರು ಇದನ್ನು ಪ್ಯಾರಡಾಕ್ಸಿಕಲ್ ರಿಯಾಕ್ಷನ್ ಎನ್ನುತ್ತಾರೆ. ಕ್ರಿಮಿಗಳು ಸತ್ತು ಒಡೆದಾಗ ಅವುಗಳ ಚೂರುಗಳು ಗಂಟಿನೊಳಗೆ ಉಳಿಯುತ್ತವೆ. ಕಾಯಿಲೆಯಿಂದ ಮಂಕಾಗಿದ್ದ ದೇಹದ ರಕ್ಷಣಾಶಕ್ತಿ ಆ ಹೊತ್ತಿಗೆ ಚೇತರಿಸಿಕೊಂಡು ಆ ಚೂರುಗಳ ಮೇಲೆ ಮುಗಿಬೀಳುತ್ತದೆ. ಊತ, ಕೆಂಪು, ಸಂಜೆಯ ಜ್ವರ ಎಲ್ಲವೂ ಆ ಕಾದಾಟದ್ದು. ಗೊಬ್ಬರದ ಗುಂಡಿಯನ್ನು ಕೆದಕಿದ ದಿನ ಹಬೆಯೂ ವಾಸನೆಯೂ ಹೆಚ್ಚು, ಅಲ್ಲವೇ?

ನಿಮ್ಮ ಮಗಳದ್ದು ಇದೇ ಇರಬೇಕೆಂದು ನನಗೆ ಅನ್ನಿಸಲು ಕಾರಣ ನೀವು ಸಮಾಧಾನಕ್ಕೆಂದು ಬರೆದ ಕೊನೆಯ ಸಾಲು. ಚೂಡಿದಾರದ ಹೊಲಿಗೆ! ಕಾಯಿಲೆ ನಿಜವಾಗಿ ಮೇಲೇಳುತ್ತಿದ್ದರೆ ಬಟ್ಟೆ ಸಡಿಲವಾಗುತ್ತಿತ್ತು. ಟಿ.ಬಿ. ಕಾರ್ಡಿನಲ್ಲಿ ತೂಕ 46 ಇದ್ದದ್ದು 48 ಆಗಿದೆ ಎಂದು ಫೋನಿನಲ್ಲಿ ಓದಿ ಹೇಳಿದಿರಿ. ಒಂದು ಜಾಗ ಕೆಡುತ್ತಿದ್ದು ಇಡೀ ಮನುಷ್ಯ ಸುಧಾರಿಸುತ್ತಿದ್ದರೆ, ಮೊದಲು ಚೆನ್ನಾಗಿ ಕರಗಿ ಆಮೇಲೆ ಹಿಗ್ಗಿದ್ದರೆ, ನನ್ನ ಮನಸ್ಸು ಮೊದಲು ಇದರ ಕಡೆಗೇ ವಾಲುತ್ತದೆ.

ಆದರೆ ಅನ್ನಿಸುವುದು ಬೇರೆ, ಖಚಿತಪಡಿಸಿಕೊಳ್ಳುವುದು ಬೇರೆ. ಗಂಟು ಹಿಗ್ಗಲು ಇನ್ನೊಂದು ಕಾರಣವೂ ಇದೆ. ಕ್ರಿಮಿ ಈ ಮಾತ್ರೆಗಳಿಗೆ ಬಗ್ಗದ ಜಾತಿಯದ್ದಾಗಿರಬಹುದು. ಅದಕ್ಕೇ ಮೊದಲ ಪರೀಕ್ಷೆಯ ಚೀಟಿ ಹುಡುಕಿಸಿದ್ದು. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಟಿ.ಬಿ. ಇದೆ ಎನ್ನುವುದರ ಜೊತೆಗೇ ರಿಫಾಂಪಿಸಿನ್ನಿಗೆ ಪ್ರತಿರೋಧವಿದೆಯೇ ಎಂಬುದನ್ನೂ ಹೇಳುತ್ತದೆ. ನಿಮ್ಮ ಚೀಟಿಯಲ್ಲಿ ‘ಕಂಡುಬಂದಿಲ್ಲ’ ಎಂದಿತ್ತು. ಈಗ ಗಂಟಿನ ಕೀವನ್ನು ಮತ್ತೆ ಅದೇ ಯಂತ್ರಕ್ಕೆ ಹಾಕಿದರೆ ಟಿ.ಬಿ. ಇದೆ ಎಂದೇ ಬರಬಹುದು, ಅದಕ್ಕೆ ಹೆದರಬೇಡಿ. ಸತ್ತ ಕ್ರಿಮಿಯ ಚೂರನ್ನೂ ಯಂತ್ರ ಹಿಡಿಯುತ್ತದೆ. ಕ್ರಿಮಿಗೆ ಜೀವವಿದೆಯೇ ಎಂದು ಹೇಳುವುದು ಕಲ್ಚರ್, ಅಂದರೆ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ. ಅದಕ್ಕೆ ಆರು ವಾರದವರೆಗೂ ಬೇಕಾದೀತು. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಿ ಕೂರುವಂತಿಲ್ಲ.

ಇನ್ನು ವಾಂತಿ, ಕೀಲುನೋವು. ನಿಮ್ಮ ನಾದಿನಿಯ ಮಾತು ಇಲ್ಲಿ ಅರ್ಧ ಸರಿ. ಇವು ಮಾತ್ರೆಯದೇ ಕೆಲಸ. ಕೀಲುನೋವು ಹೆಚ್ಚಾಗಿ ಪೈರಜಿನಮೈಡ್ ಎಂಬ ಔಷಧದ್ದು. ಅದು ರಕ್ತದಲ್ಲಿ ಯೂರಿಕ್ ಆಮ್ಲವನ್ನು ಏರಿಸುತ್ತದೆ. ಈ ಔಷಧ ಇರುವುದು ಮೊದಲ ಎರಡು ತಿಂಗಳು ಮಾತ್ರ, ಆಮೇಲಿನ ನಾಲ್ಕು ತಿಂಗಳ ಮಾತ್ರೆಯಲ್ಲಿ ಅದಿಲ್ಲ. ಅಂದರೆ ನಿಮ್ಮ ಮಗಳ ನೋವಿಗೆ ಉಳಿದಿರುವುದು ಕೆಲವೇ ದಿನ. ಅಲ್ಲಿಯವರೆಗೆ ಕೇಂದ್ರದಲ್ಲಿ ಕೇಳಿ ನೋವಿನ ಮಾತ್ರೆ ಪಡೆಯಬಹುದು. ನುಂಗಿದ ಅರ್ಧ ಗಂಟೆಗೆ ಬಂದು ಮಧ್ಯಾಹ್ನಕ್ಕೆ ಮಾಯವಾಗುವ ವಾಂತಿ ಸಾಮಾನ್ಯವಾಗಿ ಹೊಟ್ಟೆಯದು. ಬರಿಹೊಟ್ಟೆಯಲ್ಲಿ ತಡೆಯದಿದ್ದರೆ ಎರಡು ತುತ್ತು ಗಂಜಿಯೋ ಇಡ್ಲಿಯೋ ತಿಂದು ನುಂಗಲಿ.

ನನಗೆ ಭಯವಿದ್ದದ್ದು ಲಿವರಿನದು. ಈ ಮಾತ್ರೆಗಳಲ್ಲಿ ಮೂರು ಔಷಧಗಳು ಲಿವರನ್ನು ಕೆಡಿಸಬಲ್ಲವು. ಆಗ ಬರುವ ವಾಕರಿಕೆ ಮಾತ್ರೆಯ ಹೊತ್ತಿಗೆ ಮಾತ್ರ ಬಂದು ಹೋಗುವಂಥದ್ದಲ್ಲ, ದಿನವಿಡೀ ಇರುತ್ತದೆ. ಅನ್ನ ಬೇಯುವ ವಾಸನೆಯೇ ಆಗುವುದಿಲ್ಲ, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರವಾಗುತ್ತದೆ, ಕೈಕಾಲು ಸೋಲುತ್ತವೆ. ಕಣ್ಣು ಹಳದಿಯಾಗುವುದು ಆಮೇಲೆ. ಇಂಥ ಲಕ್ಷಣ ಕಂಡರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಓದುವ ಅಕ್ಷರ ಮಸುಕಾದರೆ, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಾದರೆ, ಮೈಮೇಲೆ ದದ್ದಿನ ಜೊತೆಗೆ ಬಾಯಿ ಹುಣ್ಣಾದರೆ, ಮೂಗು ಒಸಡಿನಲ್ಲಿ ರಕ್ತ ಬಂದರೆ ಮಾತ್ರೆ ನಿಲ್ಲಿಸಿ ಅಂದೇ ತೋರಿಸಿ. ಪಾದ ಜುಮ್ಮೆನ್ನುತ್ತಿದ್ದರೆ ನಿಲ್ಲಿಸುವುದು ಬೇಡ, ಕೇಂದ್ರದಲ್ಲಿ ಹೇಳಿದರೆ ಪಿರಿಡಾಕ್ಸಿನ್ ಕೊಡುತ್ತಾರೆ. ವಿಪರೀತ ತಲೆನೋವು, ಎರಡೆರಡಾಗಿ ಕಾಣುವುದು, ಫಿಟ್ಸ್, ಉಸಿರಾಡುವಾಗ ಶಬ್ದ ಇವು ಬಂದರೆ ಮಾತ್ರೆಯ ಯೋಚನೆ ಆಮೇಲೆ, ಮೊದಲು ವಾಹನ ಹುಡುಕಿ. ಮಿದುಳಿನಲ್ಲೋ ಎದೆಯೊಳಗೋ ಗಂಟಿದ್ದು ಅದು ಇದೇ ರೀತಿ ಹಿಗ್ಗಿದರೆ ಜೀವಕ್ಕೇ ಅಪಾಯ, ಅಲ್ಲಿ ಸ್ಟೀರಾಯ್ಡ್ ಬೇಕಾಗುತ್ತದೆ.

ನಿಮ್ಮ ತಮ್ಮನ ಮಾತಿನ ಬಗ್ಗೆಯೂ ಹೇಳಲೇಬೇಕು. ‘ನಂಜು ಹೊರಗೆ ಬರುತ್ತಿದೆ, ಹೆಚ್ಚಾದಷ್ಟೂ ಒಳ್ಳೆಯದು’ ಎಂಬ ನಂಬಿಕೆ ನನಗೆ ನಾದಿನಿಯ ಭಯಕ್ಕಿಂತ ಹೆಚ್ಚು ಕಳವಳ ತರುತ್ತದೆ. ಭಯಪಟ್ಟವರು ಇವತ್ತಲ್ಲ ನಾಳೆ ಆಸ್ಪತ್ರೆಗೆ ಬರುತ್ತಾರೆ. ಹೆಚ್ಚಾಗಿದ್ದೇ ಗುಣವಾಗುವ ಗುರುತು ಎಂದುಕೊಂಡವರು ಕಣ್ಣು ಅರಿಸಿನವಾಗುವವರೆಗೆ ಮನೆಯಲ್ಲೇ ಉಳಿಯುತ್ತಾರೆ. ಚಿಕಿತ್ಸೆಯಲ್ಲಿ ತಾತ್ಕಾಲಿಕವಾಗಿ ಹೆಚ್ಚಾಗುವುದು ಕೆಲವೇ ಕಾಯಿಲೆಗಳಲ್ಲಿ, ಗೊತ್ತಾದ ಕಾಲದಲ್ಲಿ, ಗೊತ್ತಾದ ರೂಪದಲ್ಲಿ ಮಾತ್ರ. ಆ ಅಳತೆಗೆ ಹೊಂದದ ಯಾವುದನ್ನೂ ಆ ಹೆಸರಿನಲ್ಲಿ ಕರೆಯುವಂತಿಲ್ಲ.

ಈ ಅಳತೆ ತಪ್ಪಿದವಳು ನಾನೇ. 1996ರ ಮಳೆಗಾಲ, ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಗದ್ದೆ ನಾಟಿಗೆ ಹೋಗುತ್ತಿದ್ದ ಒಬ್ಬರು ಕೆಂಡದಂಥ ಕಣ್ಣು, ಮೀನಖಂಡದ ನೋವು, ಜ್ವರ ಹೊತ್ತು ಬಂದರು. ಇಲಿಜ್ವರ. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟೆವು. ಎರಡು ಗಂಟೆ ಕಳೆದಿರಬೇಕು, ಮಂಚವೇ ಅಲುಗುವಂಥ ನಡುಕ. ಜ್ವರ 101ರಿಂದ 104ಕ್ಕೆ ಏರಿತು, ರಕ್ತದೊತ್ತಡ ಕುಸಿಯಿತು. ಮನೆಯವರು ‘ಸೂಜಿ ರಿಯಾಕ್ಷನ್’ ಎಂದು ಕೂಗಾಡಿದರು, ನಾನೂ ಹಾಗೆಂದೇ ನಂಬಿದೆ. ಅವರ ಕೇಸ್ ಶೀಟಿನ ಮೇಲೆಯೂ ಕೈಯಲ್ಲಿ ಕೊಟ್ಟ ಚೀಟಿಯ ಮೇಲೆಯೂ ಕೆಂಪು ಶಾಯಿಯಲ್ಲಿ ‘ಪೆನಿಸಿಲಿನ್ ಕೊಡಕೂಡದು’ ಎಂದು ಬರೆದು ಎರಡು ಗೆರೆ ಎಳೆದೆ. ಬೇರೆ ಔಷಧದಲ್ಲಿ ಗುಣವಾದರು.

ಏಳು ವರ್ಷದ ನಂತರ ಅವರು ಕಾಲಿನ ಸೋಂಕಿಗೆಂದು ಬಂದಾಗ ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡು ತಂದಿದ್ದರು. ಹಳೆಯ ಕೇಸ್ ಶೀಟ್ ತೆಗೆಸಿ ನೋಡಿದೆ. ನನ್ನದೇ ಕೈಬರಹದಲ್ಲಿ ಎಲ್ಲವೂ ಇತ್ತು. ಮೈಮೇಲೆ ಪಿತ್ತದ ಗಂಧೆ ಇಲ್ಲ, ತುಟಿ ಊದಿಲ್ಲ, ಎದೆಯಲ್ಲಿ ಸುಯ್ಗುಟ್ಟುವಿಕೆ ಇಲ್ಲ. ನಡುಕ ಶುರುವಾದದ್ದು ಮೊದಲ ಡೋಸಿನ ಎರಡನೆಯ ಗಂಟೆಗೆ, ಬೆಳಗಿನ ಜಾವಕ್ಕೆ ಜ್ವರ 99. ಅದು ಅಲರ್ಜಿಯಲ್ಲ. 1895ರಲ್ಲಿ ಆಸ್ಟ್ರಿಯಾದ ಅಡಾಲ್ಫ್ ಯಾರಿಶ್, 1902ರಲ್ಲಿ ಜರ್ಮನಿಯ ಕಾರ್ಲ್ ಹೆರ್ಕ್ಸ್‌ಹೈಮರ್ ಸಿಫಿಲಿಸ್ ರೋಗಿಗಳಿಗೆ ಆಗಿನ ಪಾದರಸದ ಔಷಧ ಕೊಟ್ಟಾಗ ಗಮನಿಸಿದ, ಅವರಿಬ್ಬರ ಹೆಸರಿನಲ್ಲೇ ಇಂದಿಗೂ ಕರೆಯುವ ಪ್ರತಿಕ್ರಿಯೆ. ಇಲಿಜ್ವರದಂಥ ಸುರುಳಿ ಆಕಾರದ ಕ್ರಿಮಿಗಳ ಕಾಯಿಲೆಯಲ್ಲಿ ಮೊದಲ ಡೋಸಿಗೆ ಕ್ರಿಮಿಗಳು ಒಮ್ಮೆಲೇ ಸತ್ತು ಹೀಗಾಗುತ್ತದೆ, ಒಂದು ದಿನದೊಳಗೆ ಇಳಿಯುತ್ತದೆ, ಮುಂದಿನ ಡೋಸುಗಳಿಗೆ ಸಾಮಾನ್ಯವಾಗಿ ಮರುಕಳಿಸುವುದಿಲ್ಲ. ಅಲರ್ಜಿಯಾದರೆ ಪ್ರತಿ ಡೋಸಿಗೂ ಕಾದು ಕುಳಿತಿರುತ್ತದೆ. ಆ ಮನುಷ್ಯರಿಗೆ ಏಳು ವರ್ಷ ಒಂದು ಒಳ್ಳೆಯ, ಅಗ್ಗದ ಔಷಧವನ್ನು ನನ್ನ ಕೆಂಪು ಶಾಯಿ ತಪ್ಪಿಸಿತ್ತು. ಅವರ ಎದುರೇ ಅದನ್ನು ಹೊಡೆದುಹಾಕಿ, ಏನಾಗಿತ್ತು ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಅಂದಿನಿಂದ ‘ರಿಯಾಕ್ಷನ್ ಆಯಿತು’ ಎಂದು ಯಾರೇ ಹೇಳಲಿ, ಎಷ್ಟನೆಯ ಡೋಸಿಗೆ, ಎಷ್ಟು ಹೊತ್ತಿನ ಮೇಲೆ, ಮೈಮೇಲೆ ಏನು ಕಂಡಿತು ಎಂದು ಕೇಳದೆ ಪೆನ್ನು ಎತ್ತುವುದಿಲ್ಲ. ನೀವೂ ಒಂದು ಹಳೆಯ ಕ್ಯಾಲೆಂಡರಿನ ಚೌಕದಲ್ಲಿ ಮಾತ್ರೆಯ ಹೊತ್ತು, ವಾಂತಿಯ ಹೊತ್ತು, ಸಂಜೆಯ ಜ್ವರ ಬರೆದಿಡಿ. ನಿಮ್ಮ ವೈದ್ಯರಿಗೆ ರಕ್ತಪರೀಕ್ಷೆಯಷ್ಟೇ ಉಪಯೋಗ ಅದರಿಂದಾಗುತ್ತದೆ.

ಮರುದಿನ ಆಸ್ಪತ್ರೆಗೆ ಹೋದಿರಿ, ಲಿವರ್ ಪರೀಕ್ಷೆ ಸರಿಯಿದೆ, ಸಿರಿಂಜಿನಲ್ಲಿ ಕೀವು ತೆಗೆದು ಕಲ್ಚರ್‌ಗೆ ಕಳಿಸಿದರು, ಮಾತ್ರೆ ಅಂದೇ ಶುರುವಾಯಿತು ಎಂದು ತಿಳಿದು ಸಂತೋಷವಾಯಿತು. ತಪ್ಪಿದ ನಾಲ್ಕು ದಿನವನ್ನು ಕೊನೆಗೆ ಸೇರಿಸಿಕೊಳ್ಳುತ್ತಾರೆ, ಅದಕ್ಕಾಗಿ ಕೊರಗಬೇಡಿ. ಗಂಟಿಗೆ ಸೊಪ್ಪು ಅರೆದು ಕಟ್ಟುವುದು, ಬರೆ ಹಾಕಿಸುವುದು, ಕೊಯ್ಯಿಸಿ ಬಿಡುವುದು ಬೇಡ. ಕೊಯ್ದ ಗಾಯ ತಿಂಗಳುಗಟ್ಟಲೆ ಸೋರುತ್ತದೆ. ಮತ್ತೆ ತುಂಬಿದರೆ ಮತ್ತೆ ಸೂಜಿಯಲ್ಲೇ ತೆಗೆಯುತ್ತಾರೆ. ಆಶಾ ಕಾರ್ಯಕರ್ತೆಯ ಹತ್ತಿರ ಮುಚ್ಚಿಡಬೇಡಿ, ಬೈದರೂ ಆಕೆ ನಿಮ್ಮವರೇ.

ಪ್ರಶ್ನೆ: ನಮ್ಮ ಯಜಮಾನರಿಗೆ ಕುಷ್ಠರೋಗಕ್ಕೆ ಐದು ತಿಂಗಳಿಂದ ಎಂ.ಡಿ.ಟಿ. (ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ) ನಡೆಯುತ್ತಿದೆ. ಮಂಕಾಗಿದ್ದ ಮಚ್ಚೆಗಳು ಈ ವಾರ ಕೆಂಪಾಗಿ ಉಬ್ಬಿವೆ, ಮೊಣಕೈ ಒಳಗೆ ಎಳೆದಂತೆ ನೋವು, ಕಿರುಬೆರಳು ಸೋಲುತ್ತಿದೆ. ಮೈಯೆಲ್ಲ ಕಪ್ಪಾಗಿದೆ. ಔಷಧ ಸುಡುತ್ತಿದೆ ಎಂದು ಅವರು ಬಿಟ್ಟುಬಿಡುತ್ತೇನೆ ಎನ್ನುತ್ತಾರೆ.
ರಾಯಚೂರು ಜಿಲ್ಲೆ

ಉತ್ತರ: ಮೈ ಕಪ್ಪಾಗುವುದು ಕ್ಲೋಫಜಿಮಿನ್ ಔಷಧದಿಂದ. ಅದು ಅಡ್ಡಪರಿಣಾಮವೇ, ಆದರೆ ಅಪಾಯವಿಲ್ಲ, ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಮಚ್ಚೆ ಉಬ್ಬಿದ್ದು, ಮೊಣಕೈ ನೋವು, ಬೆರಳು ಸೋಲುವುದು ಔಷಧದ್ದಲ್ಲ. ಅದು ಕುಷ್ಠದ ರಿಯಾಕ್ಷನ್. ಕ್ರಿಮಿಯ ವಿರುದ್ಧ ದೇಹವೇ ಎದ್ದು, ಚರ್ಮದ ಜೊತೆಗೆ ನರವನ್ನೂ ಊದಿಸುತ್ತದೆ. ಎಂ.ಡಿ.ಟಿ. ನಿಲ್ಲಿಸಿದರೆ ಇದು ನಿಲ್ಲುವುದಿಲ್ಲ. ಇದಕ್ಕೆ ಪ್ರೆಡ್ನಿಸಲೋನ್ ಮಾತ್ರೆಯನ್ನು ಹಲವು ವಾರ ಕ್ರಮವಾಗಿ ಇಳಿಸುತ್ತಾ ಕೊಡಬೇಕು. ಬೆರಳು ಸೋಲುತ್ತಿದೆ ಎಂದು ಬರೆದಿದ್ದೀರಿ. ದಯವಿಟ್ಟು ಸಂತೆಯ ದಿನ ನೋಡೋಣ ಎನ್ನಬೇಡಿ, ಈ ಪುಟ ಓದಿದ ದಿನವೇ ಕರೆದುಕೊಂಡು ಹೋಗಿ. ನರ ಒಮ್ಮೆ ಸತ್ತರೆ ಬೆರಳು ಮಡಿಚಿಯೇ ಉಳಿಯುತ್ತದೆ, ಈಗ ಹಿಡಿದರೆ ಉಳಿಸಬಹುದು. ಈ ಔಷಧಗಳಲ್ಲೂ ನಿಲ್ಲಿಸಲೇಬೇಕಾದ ಒಂದು ಸಂದರ್ಭವಿದೆ. ಶುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಜ್ವರ, ಮೈತುಂಬ ದದ್ದು, ಕಾಮಾಲೆ ಒಟ್ಟಿಗೆ ಬಂದರೆ ಅದು ಡ್ಯಾಪ್ಸೋನ್ ಅಲರ್ಜಿ ಇರಬಹುದು.

ಪ್ರಶ್ನೆ: ತೋಟದಲ್ಲಿ ಮುಳ್ಳು ಚುಚ್ಚಿ ತಂದೆಯ ಕಾಲು ಕೆಂಪಾಗಿ ಊದಿದೆ. ಆ್ಯಂಟಿಬಯಾಟಿಕ್ ಶುರುವಾದ ಮರುದಿನ ಕೆಂಪು ಇನ್ನೂ ಎರಡು ಬೆರಳು ಮೇಲೇರಿತು. ಔಷಧ ಬದಲಿಸಬೇಕೇ?
ಸಿರಸಿ

ಉತ್ತರ: ಮೊದಲ ಒಂದೆರಡು ದಿನ ಕೆಂಪು ಸ್ವಲ್ಪ ಹರಡಿದ ಮಾತ್ರಕ್ಕೆ ಔಷಧ ಸೋತಿತು ಎಂದಲ್ಲ. ಅಂಚಿನ ಗುಂಟ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ದಿನಾಂಕ, ಗಂಟೆ ಬರೆಯಿರಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಜ್ವರ ಇಳಿದು ನೋವು ತಗ್ಗುತ್ತಿದ್ದರೆ ಕಾಯಬಹುದು. ಎರಡು ದಿನ ತುಂಬಿದ ಮೇಲೂ ಗೆರೆ ದಾಟುತ್ತಿದ್ದರೆ ಮತ್ತೆ ತೋರಿಸಿ. ಕಣ್ಣಿಗೆ ಕಾಣುವುದಕ್ಕಿಂತ ನೋವು ವಿಪರೀತವಾಗಿದ್ದರೆ, ಚರ್ಮ ನೇರಳೆಯಾಗಿ ಬೊಬ್ಬೆ ಎದ್ದರೆ, ಮಾತು ತಡವರಿಸಿದರೆ ಒಂದು ಗಂಟೆಯೂ ಕಾಯಬೇಡಿ. ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆದಿಲ್ಲ, ಪರೀಕ್ಷಿಸಿ. ಮರುದಿನಕ್ಕೇ ಗುಣ ಕಾಣಬೇಕೆಂದು ಔಷಧ ಬದಲಿಸುವುದು ನಮ್ಮಲ್ಲಿ ಬಹಳವಾಗಿದೆ. ಟೈಫಾಯ್ಡಿನಲ್ಲಿ ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುವುದು ಸಾಮಾನ್ಯ.

ಪ್ರಶ್ನೆ: ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ಜ್ವರ ಹೋಯಿತು, ಆದರೆ ಈಗ ನುಂಗಿದ್ದೆಲ್ಲ ಎದೆಯ ನಡುವೆ ಉರಿಯುತ್ತಾ ಇಳಿಯುತ್ತದೆ. ಕಾಯಿಲೆ ಎದೆಗೆ ಇಳಿಯಿತೇ?
ಪುತ್ತೂರು

ಉತ್ತರ: ಇಲ್ಲ. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡಿರಬೇಕು. ರಾತ್ರಿ ಮಲಗುವ ಮುಂಚೆ ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗುತ್ತಿದ್ದಿರಾ? ವೈದ್ಯರಿಗೆ ತಿಳಿಸಿ. ಉಳಿದ ಡೋಸಿಗೆ ಬೇರೆ ಔಷಧ ಬೇಕೇ ಎಂದು ಅವರು ನಿರ್ಧರಿಸಲಿ, ಹುಣ್ಣಿಗೂ ಔಷಧ ಕೊಡುತ್ತಾರೆ. ನೀರೂ ಇಳಿಯದಿದ್ದರೆ, ರಕ್ತ ವಾಂತಿಯಾದರೆ ಅಂದೇ ಹೋಗಿ. ಇದೇ ಮಾತ್ರೆ ಮುಂದುವರಿದರೆ ಊಟದ ನಂತರ ಒಂದು ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಬೆನ್ನು ನೆಟ್ಟಗಿಟ್ಟು ಕೂತಿರಿ.